ನಿಮ್ಮ ಹೆಸರಿನಲ್ಲಿ ಕೇಳಿದ ಕ್ಷಮೆ

ಜಪಾನಿನ ಐಡಲ್ ಅಭಿಮಾನಿಗಳಿಗೆ,



ಹಾಡಿ ಕುಣಿಯುವ ಐಡಲ್ ತಾರೆಗಳನ್ನು ಆರಾಧಿಸುವ ನಿಮ್ಮ ಬಗ್ಗೆ ಹೊರಗಿನವರು ಬರೆದದ್ದು ಹೆಚ್ಚುಕಡಿಮೆ ಎರಡೇ ಬಗೆಯದು. ನಲವತ್ತು ದಾಟಿದ ಗಂಡಸು ಹದಿನೇಳರ ಹುಡುಗಿಯ ಹೆಸರಿರುವ ಅಂಗಿ ತೊಟ್ಟು ಕುಣಿಯುವುದನ್ನು ನೋಡಿ ನಗುವವರು ಒಂದು ಕಡೆ. ಪಾಪ, ಒಂಟಿ ಜೀವ, ಮದುವೆಯಿಲ್ಲ, ಸಂಬಳವೆಲ್ಲ ಇದಕ್ಕೇ ಸುರಿಯುತ್ತಾನೆ ಎಂದು ಮರುಗುವವರು ಇನ್ನೊಂದು ಕಡೆ. ಎರಡಕ್ಕೂ ನೀವು ಒಗ್ಗಿಹೋಗಿದ್ದೀರಿ. ನನ್ನ ಕಾರಣ ಬೇರೆ. ಹಲವು ವರ್ಷಗಳಿಂದ ನಿಮ್ಮ ಹೆಸರು ಹೇಳಿಕೊಂಡು ಒಂದು ವ್ಯವಹಾರ ನಡೆದಿದೆ. ಅದಕ್ಕೆ ನಿಮ್ಮ ಒಪ್ಪಿಗೆ ಇದೆಯೇ ಎಂದು ಕೇಳಲು ಬರೆಯುತ್ತಿದ್ದೇನೆ.

ನಾನು ಬೆಂಗಳೂರಿನವನು. ಮೊದಲ ದಿನದ ಮೊದಲ ಆಟಕ್ಕೆ ಚಿತ್ರಮಂದಿರದ ಮುಂದೆ ತಮಟೆ, ಪಟಾಕಿ, ಮೂರಾಳೆತ್ತರದ ಕಟೌಟಿಗೆ ಹಾಲಿನ ಅಭಿಷೇಕ. ಇವುಗಳ ನಡುವೆ ಬೆಳೆದವನಿಗೆ ನಿಮ್ಮ ಹುಚ್ಚು ಅಷ್ಟೇನೂ ವಿಚಿತ್ರವಾಗಿ ಕಾಣುವುದಿಲ್ಲ. ನಮ್ಮ ರಾಜ್‌ಕುಮಾರ್ ವೇದಿಕೆ ಹತ್ತಿದರೆ ಎದುರಿಗಿದ್ದವರನ್ನು ‘ಅಭಿಮಾನಿ ದೇವರುಗಳೇ’ ಎಂದೇ ಕರೆಯುತ್ತಿದ್ದರು. ಈ ಊರಿನ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ ರಜನಿಕಾಂತ್ ಅವರ ‘ಮುತ್ತು’ 1998ರಲ್ಲಿ ನಿಮ್ಮ ಶಿಬುಯಾದ ಚಿತ್ರಮಂದಿರದಲ್ಲಿ ತಿಂಗಳುಗಟ್ಟಲೆ ಓಡಿತು. ಪರಭಾಷೆಯ ನಟನ ಹೆಜ್ಜೆಗೆ ಅಂದು ಮರುಳಾದ ನಿಮ್ಮವರ ಸುದ್ದಿ ಓದಿ ನಾವು ಬೀಗಿದ್ದೆವು. ಹಾಗಿರುವಾಗ ನಿಮ್ಮನ್ನು ನೋಡಿ ನಗಲು ನನಗೆ ಯಾವ ಮುಖ?

ನಗುವುದಿರಲಿ, ನಿಮ್ಮಲ್ಲಿ ನಾನು ಮೆಚ್ಚುವುದೇ ಸಾಕಷ್ಟಿದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

2005ರ ಡಿಸೆಂಬರ್ 8ರಂದು ಅಕಿಹಾಬಾರಾದ ಡಾನ್ ಕಿಹೋತೆ ಅಂಗಡಿಯ ಎಂಟನೆಯ ಮಹಡಿಯಲ್ಲಿ ಒಂದು ಪುಟ್ಟ ರಂಗಮಂದಿರ ತೆರೆಯಿತು. ಇನ್ನೂರೈವತ್ತು ಜನಕ್ಕೆ ಜಾಗ. ವೇದಿಕೆಯ ಮುಂದೆಯೇ ಎರಡು ದಪ್ಪ ಕಂಬ, ಎಲ್ಲಿ ಕೂತರೂ ಯಾರಾದರೊಬ್ಬರು ಮರೆಯಾಗುತ್ತಾರೆ. ಎಕೆಬಿ48 ತಂಡದ ಮೊದಲ ಪ್ರದರ್ಶನಕ್ಕೆ ಬಂದವರಲ್ಲಿ ದುಡ್ಡು ಕೊಟ್ಟು ಟಿಕೆಟ್ ಕೊಂಡ ಸಾಮಾನ್ಯ ಪ್ರೇಕ್ಷಕರು ಏಳೇ ಮಂದಿ. ಈ ಏಳು ಜನರ ಕತೆ ನಿಮ್ಮಲ್ಲಿ ಸ್ಥಳಪುರಾಣವೇ ಆಗಿಬಿಟ್ಟಿದೆ. ಆಗಲಿ, ತಪ್ಪೇನಿಲ್ಲ. ಅಕಿಮೊತೊ ಯಾಸುಶಿ ಆ ತಂಡ ಕಟ್ಟಿದ್ದು ‘ಹೋಗಿ ಭೇಟಿಯಾಗಬಹುದಾದ ಐಡಲ್’ ಎಂಬ ಒಂದು ಮಾತಿನ ಮೇಲೆ. ಅದಕ್ಕೂ ಮುಂಚೆ ಐಡಲ್ ಎಂದರೆ ಟೀವಿಯೊಳಗಿನ ಮುಖ. ಆ ಕಾಲದ ತಾರೆ ಯಾಮಾಗುಚಿ ಮೊಮೊಎ 1980ರಲ್ಲಿ ಬುದೋಕಾನ್ ವೇದಿಕೆಯ ಮೇಲೆ ಮೈಕು ಇಟ್ಟು, ಮದುವೆಯಾಗಿ, ಹಿಂದಿರುಗಿ ನೋಡದೆ ಹೊರಟುಹೋದಾಗ ಅಭಿಮಾನಿಗಳು ಅತ್ತರು, ಹರಸಿದರು, ಮನೆಗೆ ಹೋದರು. ಎಂಬತ್ತರ ದಶಕದಲ್ಲಿ ತಲೆಗೆ ಪಟ್ಟಿ ಕಟ್ಟಿ, ಒಂದೇ ಬಗೆಯ ನಿಲುವಂಗಿ ತೊಟ್ಟು, ಹಾಡಿನ ನಡುನಡುವೆ ಹೆಸರು ಕೂಗುತ್ತಿದ್ದ ‘ಶಿನ್‌ಎಯ್‌ತಾಯ್’ ದಳಗಳಿದ್ದವು. ನೀವು ಅವರ ವಾರಸುದಾರರು. ಆದರೆ ಅವರಿಗೆ ಸಿಗದ ಒಂದು ನಿಮಗೆ ಸಿಕ್ಕಿತು. ಮೆಚ್ಚಿದ ಹುಡುಗಿ ಎದುರಿಗೇ ನಿಂತಿದ್ದಾಳೆ, ವಾರದಿಂದ ವಾರಕ್ಕೆ ಅವಳ ಹೆಜ್ಜೆ ಸುಧಾರಿಸುವುದು ಕಣ್ಣಿಗೆ ಕಾಣುತ್ತದೆ.

ಹೊರಗಿನವರಿಗೆ ಕಾಣದ ನಿಮ್ಮ ಶಿಸ್ತು ಅಲ್ಲಿಂದ ಹುಟ್ಟಿದ್ದು. ಯಾವ ಹಾಡಿನ ಯಾವ ಸಾಲಿಗೆ ಯಾವ ಕೂಗು, ಯಾರ ಸರದಿ ಬಂದಾಗ ಯಾವ ಬಣ್ಣದ ದೀಪದ ಕೋಲು, ಕೋಲನ್ನು ಎಷ್ಟು ಎತ್ತರಕ್ಕೆ ಹಿಡಿಯಬೇಕು, ಎಲ್ಲಕ್ಕೂ ಕಟ್ಟುಪಾಡಿದೆ. ಹುಡುಗರ ತಂಡಗಳನ್ನು ಮೆಚ್ಚುವ ಹೆಂಗಸರು ಕೈಯಲ್ಲೇ ಅಕ್ಷರ ಕತ್ತರಿಸಿ ಅಂಟಿಸಿದ ಬೀಸಣಿಗೆಯನ್ನು ಎದೆಯ ಮಟ್ಟಕ್ಕಿಂತ ಮೇಲೆತ್ತುವುದಿಲ್ಲ, ಹಿಂದಿನ ಸಾಲಿನವರಿಗೂ ಕಾಣಬೇಕಲ್ಲ. ಶಿಸ್ತು ಮುರಿದವರನ್ನು ‘ಯಕ್ಕಾಯ್’ ಎಂದು ನೀವೇ ದೂರ ಇಡುತ್ತೀರಿ. ಹುಡುಗಿಯ ಹುಟ್ಟುಹಬ್ಬ ಬಂದರೆ ನಿಮ್ಮೊಳಗೇ ಒಂದು ಸಮಿತಿ ಎದ್ದುನಿಲ್ಲುತ್ತದೆ. ಚಂದಾ ಎತ್ತುತ್ತೀರಿ, ಬಾಗಿಲಲ್ಲಿ ಹೂವಿನ ಸ್ಟ್ಯಾಂಡು ನಿಲ್ಲಿಸುತ್ತೀರಿ, ಒಳಗೆ ಬರುವ ಪ್ರತಿಯೊಬ್ಬರಿಗೂ ಅವಳ ಬಣ್ಣದ ಕೋಲು ಹಂಚಿ, ಇಂಥ ಹಾಡು ಶುರುವಾದಾಗ ಹಚ್ಚಿ ಎಂದು ಚೀಟಿ ಕೊಡುತ್ತೀರಿ. ಹೆಸರೇ ಗೊತ್ತಿಲ್ಲದ ಹೊಸ ಹುಡುಗಿಗೂ ಆ ಒಂದು ಸಂಜೆ ಇಡೀ ಮಂದಿರ ಅವಳ ಬಣ್ಣಕ್ಕೆ ತಿರುಗುತ್ತದೆ. ನಮ್ಮ ಊರ ಜಾತ್ರೆಯ ಸಮಿತಿಗಳಲ್ಲಿ ಇಷ್ಟು ಅಚ್ಚುಕಟ್ಟು ಕಂಡವನಲ್ಲ ನಾನು.

ಇಷ್ಟು ಮೆಚ್ಚಿದ ಮೇಲೆ ಜಗಳಕ್ಕೆ ಬರುತ್ತೇನೆ.

ನನ್ನ ಜಗಳ ದುಡ್ಡಿನ ಲೆಕ್ಕದಿಂದ ಶುರು. ಭೇಟಿಯಾಗಬಹುದು ಎಂಬ ಆ ಮಾತನ್ನು ಕಂಪನಿ ಬೇಗನೆ ಚೀಟಿಯಾಗಿ ಕತ್ತರಿಸಿ ಸಿ.ಡಿ.ಯೊಳಗೆ ಇಟ್ಟಿತು. ಒಂದು ಸಿ.ಡಿ. ಕೊಂಡರೆ ಒಂದು ಕೈಕುಲುಕು, ಕೆಲವೇ ಸೆಕೆಂಡು. ದೊಡ್ಡ ಸಭಾಂಗಣ, ಉದ್ದುದ್ದ ಸಾಲುಗಳು, ಪ್ರತಿ ಹುಡುಗಿಯ ಪಕ್ಕದಲ್ಲೂ ಹೊತ್ತು ನೋಡುವ ಒಬ್ಬ ಕೆಲಸಗಾರ. ಹೊತ್ತು ಮುಗಿಯಿತೆಂದರೆ ಭುಜ ಹಿಡಿದು ಮುಂದೆ ಸಾಗಿಸುವುದು ಅವನ ಕೆಲಸ. ನೀವು ಅವನನ್ನು ‘ಹಗಾಶಿ’ ಎನ್ನುತ್ತೀರಿ, ಬೈಯುತ್ತೀರಿ, ಅವನು ಮೃದುವಾಗಿದ್ದರೆ ಕೊಂಡಾಡುತ್ತೀರಿ. ಇನ್ನೂ ನಾಲ್ಕು ಸೆಕೆಂಡು ಬೇಕಾದರೆ ಇನ್ನಷ್ಟು ಚೀಟಿ ಒಟ್ಟಿಗೆ ಕೊಡಬೇಕು. ಮುಂದಿನ ಸಲ ಹೋದಾಗ ಅವಳು ಗುರುತು ಹಿಡಿದು, ಓ ನೀವಾ, ಕೂದಲು ಕತ್ತರಿಸಿಕೊಂಡಿರಾ, ಎಂದಳೆನ್ನಿ. ಆ ದಿನ ನಿಮಗೆ ನೆಲದ ಮೇಲೆ ಕಾಲಿರುವುದಿಲ್ಲ. ಅದನ್ನು ನಾನು ಅಣಕಿಸಲಾರೆ. ಸಾವಿರಾರು ಕೈಗಳ ನಡುವೆ ಒಂದು ಕೈಯನ್ನು ನೆನಪಿಟ್ಟುಕೊಳ್ಳುವುದು ಅವಳ ಕಡೆಯಿಂದಲೂ ಸಣ್ಣ ಶ್ರಮವಲ್ಲ. ನಗುಮುಖ ತೋರದ ಹುಡುಗಿಗೆ ‘ಉಪ್ಪು’ ಎಂದು ಹಣೆಪಟ್ಟಿ ಹಚ್ಚುತ್ತೀರಲ್ಲ, ಬೆಳಗಿನಿಂದ ರಾತ್ರಿಯವರೆಗೆ ನಿಂತು ನಗಬೇಕಾದ ಕೆಲಸ ಅವಳದು ಎಂಬುದನ್ನು ಮರೆಯಬೇಡಿ.

ಸಣ್ಣ ಲೈವ್ ಹೌಸುಗಳಲ್ಲಿ ಹಾಡುವ ನೆಲಮಾಳಿಗೆಯ ಐಡಲ್‌ಗಳ ಲೋಕದಲ್ಲಿ ಸಿ.ಡಿ.ಯ ನೆಪವೂ ಇಲ್ಲ. ಹಾಡು ಮುಗಿದ ಕೂಡಲೇ ಮೇಜು ಹಾಕುತ್ತಾರೆ. ಸಾವಿರ, ಎರಡು ಸಾವಿರ ಯೆನ್ ಕೊಟ್ಟರೆ ಅವಳೊಂದಿಗೆ ಒಂದು ‘ಚೆಕಿ’ ಫೋಟೊ, ಅದರ ಮೇಲೆ ಅವಳು ಗೀಚುವಷ್ಟು ಹೊತ್ತಿನ ಮಾತು. ಆ ಹುಡುಗಿಯರ ಅಕ್ಕಿ ಬೇಯುವುದು ಈ ಮೇಜಿನ ಮೇಲೆಯೇ ಹೊರತು ಹಾಡಿನ ಮೇಲೆ ಅಲ್ಲ.

2009ರಲ್ಲಿ ಸಿ.ಡಿ.ಯೊಳಗೆ ಇನ್ನೊಂದು ಚೀಟಿ ಬಂತು. ಮತದ ಚೀಟಿ. ಮುಂದಿನ ಹಾಡಿನಲ್ಲಿ ಮುಂದಿನ ಸಾಲಿನಲ್ಲಿ ನಿಲ್ಲುವವರು ಯಾರೆಂದು ನೀವೇ ಆರಿಸಿ ಎಂದು ಕಂಪನಿ ಹೇಳಿತು. ಸಾರ್ವತ್ರಿಕ ಚುನಾವಣೆ ಎಂದೇ ಹೆಸರಿಟ್ಟರು, ಆದರೆ ಒಬ್ಬರಿಗೆ ಒಂದೇ ಓಟು ಎಂಬ ನಿಯಮವಿರಲಿಲ್ಲ. ಎಷ್ಟು ಸಿ.ಡಿ.ಯೋ ಅಷ್ಟು ಓಟು. 2011ರಲ್ಲಿ ಮಾಯೆದಾ ಅತ್ಸುಕೊ 1,39,892 ಮತ ಪಡೆದು ಮೊದಲ ಸ್ಥಾನಕ್ಕೆ ಬಂದರು. 2017ರ ಹೊತ್ತಿಗೆ ಗೆದ್ದವರ ಮತ 2,46,376. ಕೊನೆಯ ಚುನಾವಣೆ ನಡೆದ 2018ರಲ್ಲಿ ಒಟ್ಟು ಮತ 38 ಲಕ್ಷ ದಾಟಿತು. ಸುಗ್ಗಿಯೋ ಸುಗ್ಗಿ. ಅದೇ 2017ರಲ್ಲಿ ಫುಕುಓಕಾ ಪ್ರಾಂತ್ಯದ ದಜಾಯ್‌ಫುವಿನ ಗುಡ್ಡದಲ್ಲಿ 585 ಸಿ.ಡಿ.ಗಳನ್ನು ಎಸೆದುಹೋದ ನಿಮ್ಮವರೊಬ್ಬರ ಮೇಲೆ ಪೊಲೀಸರು ಕೇಸು ಹಾಕಿದರು. ಓಟು ಹಾಕಿ ಆಗಿತ್ತು, ಕೈಕುಲುಕಿ ಆಗಿತ್ತು, ಮನೆಯಲ್ಲಿ ಇಡಲು ಜಾಗವಿರಲಿಲ್ಲ. ಅಷ್ಟೂ ತಟ್ಟೆಗಳಲ್ಲಿ ಇದ್ದದ್ದು ಅವರ ಮೆಚ್ಚಿನ ತಂಡದ ಹಾಡು, ನೋಡಿ.

2011ರ ವೇದಿಕೆಯಲ್ಲಿ ಎರಡನೆಯ ಸ್ಥಾನ ಪಡೆದ ಓಶಿಮಾ ಯೂಕೊ ಈ ಬಗ್ಗೆ ಎದ್ದ ಟೀಕೆಗೆ ಉತ್ತರ ಕೊಟ್ಟರು. ಒಬ್ಬರೇ ಹಲವು ಓಟು ಹಾಕುವುದು ಸರಿಯೇ ಎಂದು ಕೆಲವರು ಕೇಳುತ್ತಾರೆ, ಆದರೆ ನಮಗೆ ಓಟಿನ ಸಂಖ್ಯೆಯೇ ನಿಮ್ಮ ಪ್ರೀತಿ ಎಂಬರ್ಥದ ಮಾತು. ಸಭೆ ಕರಗಿತು. ಆ ಹುಡುಗಿಯ ಪ್ರಾಮಾಣಿಕತೆಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೂ ಆ ಮಾತು ಒಪ್ಪಲಾಗದು. ವಾರದ ಕೈಖರ್ಚು ಉಳಿಸಿ ಒಂದು ಸಿ.ಡಿ. ಕೊಂಡ ಸೆಂದಾಯ್‌ನ ಶಾಲಾ ಹುಡುಗಿಯ ಪ್ರೀತಿ ಆ ಲೆಕ್ಕದಲ್ಲಿ ಒಂದು, ಬೋನಸ್ಸು ಸುರಿದು ಪೆಟ್ಟಿಗೆಗಟ್ಟಲೆ ತರಿಸಿಕೊಂಡವರ ಪ್ರೀತಿ ಐನೂರು. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಪ್ರೀತಿಯನ್ನು ಎಣಿಸಲು ಶುರುಮಾಡಿದ ಕ್ಷಣಕ್ಕೆ ಪಡೆದವರು ಸಾಲಗಾರರಾಗುತ್ತಾರೆ. ಮತ ಹಾಕಿಸಿಕೊಂಡ ಹುಡುಗಿ ನಿಮ್ಮ ಹಂಗಿಗೆ ಬಿದ್ದಳು. ಹಂಗಿನಲ್ಲಿರುವವರಿಂದ ಏನನ್ನೂ ಕೇಳಬಹುದು, ಬದುಕನ್ನೂ.

ಹಾಗೆ ಕೇಳಿದ್ದೂ ಆಯಿತು.

2013ರ ಜನವರಿ 31. ತಂಡದ ಮೊದಲ ತಲೆಮಾರಿನವರಾದ, ಆಗ 20ರ ಹರೆಯದ ಮಿನೆಗಿಶಿ ಮಿನಾಮಿ ಒಬ್ಬ ಯುವಕನ ಮನೆಯಲ್ಲಿ ರಾತ್ರಿ ಕಳೆದು ಹೊರಬಂದರು ಎಂದು ವಾರಪತ್ರಿಕೆ ‘ಶುಕಾನ್ ಬುನ್‌ಶುನ್’ ಫೋಟೊ ಸಮೇತ ಅಚ್ಚು ಹಾಕಿತು. ಅದೇ ದಿನ ತಂಡದ ಅಧಿಕೃತ ಯೂಟ್ಯೂಬ್ ಚಾನೆಲಿನಲ್ಲಿ ಒಂದು ವಿಡಿಯೊ ಬಂತು. ತಲೆ ಬೋಳಿಸಿಕೊಂಡ ಮಿನೆಗಿಶಿ ಬಿಕ್ಕಿ ಬಿಕ್ಕಿ ಅಳುತ್ತ, ನಡು ಬಗ್ಗಿಸಿ ನಿಮ್ಮೆದುರು ತಪ್ಪೊಪ್ಪಿಕೊಂಡರು. ಯಾರನ್ನೂ ಕೇಳದೆ ತಾನೇ ಕೂದಲು ತೆಗೆದುಕೊಂಡೆ, ತಂಡದಲ್ಲಿ ಉಳಿಯಲು ಬಿಡಿ ಎಂದು ಬೇಡಿಕೊಂಡರು. ಕಂಪನಿ ಅವರನ್ನು ತರಬೇತಿಯ ಹುಡುಗಿಯರ ಸಾಲಿಗೆ ಇಳಿಸಿತು. ಆ ವಿಡಿಯೊ ನೋಡಿದ ಜಗತ್ತು ದಂಗಾಯಿತು. ನಮ್ಮ ಕಡೆ ಹೆಣ್ಣಿನ ತಲೆ ಬೋಳಿಸುವುದರ ಹಿಂದೆ ಎಂಥ ಚರಿತ್ರೆ ಇದೆ ಎಂದು ಬಲ್ಲವರಿಗೆ ಅದನ್ನು ಪೂರ್ತಿ ನೋಡುವುದೇ ಕಷ್ಟ. ಕೂದಲು ತೆಗೆಯಲು ಕಂಪನಿ ಹೇಳಲಿಲ್ಲ ಎನ್ನೋಣ. ನೀವೂ ಹೇಳಲಿಲ್ಲ ಎನ್ನೋಣ. ಆದರೂ ಬತ್ತಳಿಕೆಯಲ್ಲಿದ್ದ ಅತಿ ದೊಡ್ಡ ಪ್ರಾಯಶ್ಚಿತ್ತವನ್ನೇ ತೆಗೆಯಬೇಕು, ಇಲ್ಲವಾದರೆ ಸಾಲದು ಎಂದು ಆ ಹುಡುಗಿಗೆ ಅನ್ನಿಸಿತಲ್ಲ, ಅದು ಎಲ್ಲಿಂದ ಬಂತು?

ನಿಮ್ಮ ಮನಸ್ಸು ನೋಯುತ್ತದೆ ಎಂದು ಕಂಪನಿಗಳು ಹೇಳುತ್ತವೆ. ಐಡಲ್‌ಗಳು ಪ್ರೇಮಿಸಕೂಡದೆಂಬ ನಿಷೇಧ ಇರುವುದೇ ಅಭಿಮಾನಿಗಳ ಸಲುವಾಗಿ ಎನ್ನುತ್ತವೆ. ನಿಜವೇ ಎಂದು ನೋಡಲು ನಿಮ್ಮದೇ ಮತಪೆಟ್ಟಿಗೆ ತೆರೆಯೋಣ. ಮಿನೆಗಿಶಿಗಿಂತ ಏಳೆಂಟು ತಿಂಗಳು ಮೊದಲು, 2012ರ ಜೂನಿನಲ್ಲಿ, ಸಾಶಿಹಾರಾ ರಿನೊ ಅವರ ಹಳೆಯ ಪ್ರೇಮವನ್ನು ಅದೇ ವಾರಪತ್ರಿಕೆ ಬಯಲಿಗೆಳೆದಿತ್ತು. ಅಕಿಮೊತೊ ಆಗ ಸಾಶಿಹಾರಾ ಅವರನ್ನು ಫುಕುಓಕಾದ ತಂಗಿ ತಂಡ ಎಚ್‌ಕೆಟಿ48ಕ್ಕೆ ಎತ್ತಂಗಡಿ ಮಾಡಿದರು. ನಮ್ಮಲ್ಲಿ ಅಧಿಕಾರಿಗಳನ್ನು ನೀರಿಲ್ಲದ ಊರಿಗೆ ವರ್ಗ ಮಾಡುವ ಹಾಗೆಯೇ. ಒಂದು ವರ್ಷ ಕಳೆಯಿತು. 2013ರ ಜೂನಿನಲ್ಲಿ ಯೊಕೊಹಾಮಾದ ನಿಸ್ಸಾನ್ ಕ್ರೀಡಾಂಗಣದಲ್ಲಿ ಫಲಿತಾಂಶ ಓದಿದಾಗ ಮೊದಲ ಸ್ಥಾನದಲ್ಲಿ ಇದ್ದವರು ಅದೇ ಸಾಶಿಹಾರಾ, 1,50,570 ಮತಗಳೊಂದಿಗೆ. ಮುಂದೆ 2015, 2016, 2017, ಸತತ ಮೂರು ಸಲ ಮತ್ತೆ ಅವರೇ. ಕೆಲವರು ತಮಾಷೆಗೆ ಓಟು ಹಾಕಿರಬಹುದು, ಕೆಲವರು ಬೇರೆ ಹುಡುಗಿಯನ್ನು ಸೋಲಿಸಲೆಂದು ಹಾಕಿರಬಹುದು. ನಾಲ್ಕು ಸಲ ತಮಾಷೆ ಮಾಡುವಷ್ಟು ದುಡ್ಡು ನಿಮ್ಮಲ್ಲಿಲ್ಲ ಎಂದು ನನ್ನ ನಂಬಿಕೆ. ಮಾತಿನ ಮಲ್ಲಿ, ತನ್ನನ್ನೇ ಗೇಲಿ ಮಾಡಿಕೊಳ್ಳಬಲ್ಲವಳು, ತಂಗಿ ತಂಡವನ್ನು ಕೈಹಿಡಿದು ನಡೆಸಿದವಳು ಎಂದು ನೀವು ಮೆಚ್ಚಿದ್ದಿರಿ. ಪ್ರೇಮಿಸಿದವಳನ್ನು ಅಭಿಮಾನಿಗಳು ಕ್ಷಮಿಸುವುದಿಲ್ಲ ಎಂಬ ಕಂಪನಿಗಳ ಮಾತನ್ನು ನೀವೇ ಲಕ್ಷದ ಲೆಕ್ಕದಲ್ಲಿ ಸುಳ್ಳು ಮಾಡಿದಿರಿ.

ಆದರೂ ನಿಮ್ಮ ಹೆಸರು ನ್ಯಾಯಾಲಯದವರೆಗೆ ಹೋಯಿತು. 2015ರ ಸೆಪ್ಟೆಂಬರಿನಲ್ಲಿ ಟೋಕಿಯೋ ಜಿಲ್ಲಾ ನ್ಯಾಯಾಲಯ, ಒಪ್ಪಂದ ಮೀರಿ ಹುಡುಗರ ಜೊತೆ ಸುತ್ತಿದಳೆಂದು 17 ವರ್ಷದ ಮಾಜಿ ಐಡಲ್ ಒಬ್ಬಳು ಕಂಪನಿಗೆ ಸುಮಾರು ಆರೂವರೆ ಲಕ್ಷ ಯೆನ್ ಕೊಡಬೇಕೆಂದು ತೀರ್ಪು ಕೊಟ್ಟಿತು. ಗಂಡಸು ಅಭಿಮಾನಿಗಳ ಬೆಂಬಲ ಗಳಿಸಲು ಇಂಥ ನಿಷೇಧ ಬೇಕು ಎಂಬುದು ಆ ತೀರ್ಪಿನ ತರ್ಕ. ಅಂದರೆ ಸಾಕ್ಷಿಕಟ್ಟೆಗೆ ಕರೆಯದೆ ನಿಮ್ಮ ಸಾಕ್ಷ್ಯ ಪಡೆದರು. ನಾಲ್ಕು ತಿಂಗಳ ನಂತರ, 2016ರ ಜನವರಿಯಲ್ಲಿ, ಅದೇ ನ್ಯಾಯಾಲಯದ ಇನ್ನೊಬ್ಬ ನ್ಯಾಯಾಧೀಶರು ಬೇರೊಂದು ಕಂಪನಿಯ ದೊಡ್ಡ ಮೊತ್ತದ ದಾವೆಯನ್ನು ತಳ್ಳಿಹಾಕಿ, ಒಲಿದವರ ಜೊತೆ ಇರುವುದು ಸುಖವಾಗಿ ಬದುಕುವ ಹಕ್ಕಿನ ಭಾಗ ಎಂದರು. ನನ್ನ ಓಟು ಎರಡನೆಯವರಿಗೆ.

ನಿಮ್ಮ ಪಕ್ಷದ ವಾದವನ್ನೂ ಕೇಳೋಣ, ಅದರಲ್ಲಿ ಹುರುಳಿಲ್ಲವೆಂದಲ್ಲ. 2017ರ ಜೂನಿನಲ್ಲಿ ಒಕಿನಾವಾದಲ್ಲಿ ಚುನಾವಣೆಯ ಫಲಿತಾಂಶ. ಮಳೆಯಿಂದಾಗಿ ಸಮುದ್ರದಂಡೆಯ ಕಾರ್ಯಕ್ರಮ ರದ್ದಾಗಿ, ಸಭಿಕರಿಲ್ಲದ ಸಭಾಂಗಣದಲ್ಲಿ ಹೆಸರು ಓದುತ್ತಿದ್ದರು. ಇಪ್ಪತ್ತನೆಯ ಸ್ಥಾನ ಪಡೆದ ಒಸಾಕಾದ ತಂಡದ ಸುತೋ ರಿರಿಕಾ ಮೈಕಿನ ಮುಂದೆ ಬಂದು, ನಾನು ಮದುವೆಯಾಗುತ್ತೇನೆ ಎಂದುಬಿಟ್ಟರು. ನಿಮ್ಮಲ್ಲಿ ಹಲವರು ಕೆರಳಿದಿರಿ. ತನಗೆ ಓಟು ಹಾಕಿ ಎಂದು ವಾರಗಟ್ಟಲೆ ಕೇಳಿ, ನಾವು ಸಂಬಳ ಸುರಿದ ಮೇಲೆ ಹೀಗೆ ಹೇಳುವುದೇ ಎಂದಿರಿ. ಮೊದಲೇ ಹೇಳಬಹುದಿತ್ತು ಎಂಬ ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಹೇಳುವ ದಾರಿಯನ್ನು ಯಾರು ಮುಚ್ಚಿದ್ದರು? ಸಿ.ಡಿ. ಮಾರಿ ಗಲ್ಲಾ ತುಂಬಿಸಿಕೊಂಡವರು ಯಾರು? ಬಿಲ್ಲನ್ನು ನೀವು ತಪ್ಪು ವಿಳಾಸಕ್ಕೆ ಕಳಿಸಿದಿರಿ. ಐಡಲ್ ಹುಡುಗಿಯನ್ನು ಸ್ವಂತ ಮಗಳ ಹಾಗೆ ಕಾಣುತ್ತೇನೆ ಎನ್ನುವ ಹಿರಿಯರು ನಿಮ್ಮಲ್ಲಿ ಬಹಳ ಮಂದಿ. ನಮ್ಮ ಕಡೆ ಮಗಳಿಗೆ ಗಂಡು ಗೊತ್ತಾದರೆ ಅಪ್ಪ ಚಪ್ಪರ ಹಾಕಿಸುತ್ತಾನೆ, ಸ್ವಾಮಿ.

ಇನ್ನು ರಕ್ತದ ಮಾತು. ನಿಮಗೆ ಇದು ಹಿಡಿಸುವುದಿಲ್ಲ, ಹಲ್ಲೆ ಮಾಡಿದವರೆಲ್ಲ ನಮ್ಮವರಲ್ಲ ಎನ್ನುತ್ತೀರಿ. ನಿಮ್ಮಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಜನ ಇರುವೆಗೂ ನೋವು ಮಾಡದವರು ಎಂದು ನಾನೂ ನಂಬುತ್ತೇನೆ. ಆದರೂ 2016ರ ಮೇ ತಿಂಗಳಲ್ಲಿ ಟೋಕಿಯೋ ಹೊರವಲಯದ ಕೊಗಾನೆಯ್‌ನಲ್ಲಿ 20ರ ಹರೆಯದ ಗಾಯಕಿಯೊಬ್ಬಳನ್ನು ಹತ್ತಾರು ಸಲ ಇರಿದವನು ಅವಳ ಅಭಿಮಾನಿಯೇ ಆಗಿದ್ದ. ಅವನು ಕೈಗಡಿಯಾರದಂಥ ಉಡುಗೊರೆ ಕಳಿಸಿದ್ದ, ಅವಳು ಹಿಂದಿರುಗಿಸಿದ್ದಳು. ಅದೇ ಅವನ ಸಿಟ್ಟಿನ ಮೂಲ. ಅವಳು ಮೊದಲೇ ಪೊಲೀಸರ ಬಳಿ ಹೋಗಿದ್ದಳು. ಆಮೇಲೆ ಕಾನೂನು ತಿದ್ದಿ, ಸಾಮಾಜಿಕ ಜಾಲತಾಣದಲ್ಲಿ ಬೆನ್ನು ಹತ್ತಿ ಸಂದೇಶ ಕಳಿಸುವುದನ್ನೂ ಹಿಂಬಾಲಿಸಿ ಕಾಡುವ ಅಪರಾಧಕ್ಕೆ ಸೇರಿಸಿದರು. 2019ರಲ್ಲಿ ಸಿಕ್ಕಿಬಿದ್ದ ಇನ್ನೊಬ್ಬನದು ಪತ್ತೇದಾರಿ ಕೆಲಸ. ಹುಡುಗಿ ಹಾಕಿದ ಫೋಟೊವನ್ನು ದೊಡ್ಡದು ಮಾಡಿ, ಅವಳ ಕಣ್ಣಪಾಪೆಯಲ್ಲಿ ಪ್ರತಿಫಲಿಸಿದ ರೈಲು ನಿಲ್ದಾಣ ಯಾವುದೆಂದು ನಕ್ಷೆಯ ಚಿತ್ರಗಳ ಜೊತೆ ಹೋಲಿಸಿ, ಅಲ್ಲಿ ಕಾದು, ಮನೆಯವರೆಗೂ ಹಿಂಬಾಲಿಸಿ ಹಲ್ಲೆ ಮಾಡಿದ. ಇವರು ಹುಚ್ಚರು, ಸರಿ. ಇವರ ಹುಚ್ಚಿನ ಒಳಗಿರುವ ಲೆಕ್ಕ ಮಾತ್ರ ಹೊಸದಲ್ಲ. ಇಷ್ಟು ಕೊಟ್ಟಿದ್ದೇನೆ, ಅವಳು ನನಗೆ ಬಾಕಿ ಇದ್ದಾಳೆ ಎಂಬುದು ಮತದ ಚೀಟಿಯ ಲೆಕ್ಕವೇ. ಇವರು ಅದನ್ನು ಕೊನೆಯ ಪುಟದವರೆಗೆ ಓದಿದರು.

ಈ ಸಾಲಿನಲ್ಲಿ ನನಗೆ ಮರೆಯಲಾಗದ್ದು ನೀಗಾತಾ. ಅಲ್ಲಿನ ತಂಗಿ ತಂಡ ಎನ್‌ಜಿಟಿ48ರ ಯಾಮಾಗುಚಿ ಮಾಹೊ ಅವರನ್ನು 2018ರ ಡಿಸೆಂಬರಿನಲ್ಲಿ ಮನೆಯ ಬಾಗಿಲಲ್ಲೇ ಇಬ್ಬರು ಗಂಡಸರು ಹಿಡಿದರು, ಅಭಿಮಾನಿಗಳೇ. ಪೊಲೀಸರು ಬಂಧಿಸಿದರು, ಮೊಕದ್ದಮೆ ಹೂಡದೆ ಬಿಟ್ಟರು. ಒಂದು ತಿಂಗಳು ಕಾದ ಯಾಮಾಗುಚಿ, ಕಂಪನಿ ಏನೂ ಮಾಡದಿದ್ದಾಗ ತಾವೇ ನೇರವಾಗಿ ಜನರ ಮುಂದೆ ಹೇಳಿಕೊಂಡರು. 2019ರ ಜನವರಿ 10ರಂದು ರಂಗಮಂದಿರದ ಮೂರನೆಯ ವಾರ್ಷಿಕೋತ್ಸವ. ಹಲ್ಲೆಗೆ ಒಳಗಾದ ಆ ಹುಡುಗಿ ವೇದಿಕೆಗೆ ಬಂದು, ನಿಮಗೆಲ್ಲ ತೊಂದರೆ ಕೊಟ್ಟೆ ಎಂದು ತಲೆಬಾಗಿ ಕ್ಷಮೆ ಕೇಳಿದರು.

ಆಗ ನೀವು ಏನು ಮಾಡಿದಿರಿ ಎಂಬುದೇ ಈ ಪತ್ರಕ್ಕೆ ಧೈರ್ಯ ಕೊಟ್ಟದ್ದು. ಆ ಕ್ಷಮೆಯನ್ನು ನೀವು ಒಪ್ಪಲಿಲ್ಲ. ತಪ್ಪು ಮಾಡಿದವರು ಯಾರು, ಬಗ್ಗಿದವರು ಯಾರು ಎಂದು ಕೇಳಿದಿರಿ. ಸಹಿ ಸಂಗ್ರಹ ಮಾಡಿದಿರಿ, ಕಂಪನಿಯನ್ನು ಒಂಟಿಗಾಲಲ್ಲಿ ನಿಲ್ಲಿಸಿದಿರಿ. ರಂಗಮಂದಿರದ ಮುಖ್ಯಸ್ಥರು ಬದಲಾದರು, ಹೊರಗಿನವರ ಸಮಿತಿಯೊಂದು ತನಿಖೆ ನಡೆಸಿ ವರದಿ ಕೊಟ್ಟಿತು. ಯಾಮಾಗುಚಿ ಉಳಿಯಲಿಲ್ಲ, ಮೇ ತಿಂಗಳಲ್ಲಿ ತಂಡ ಬಿಟ್ಟರು. ಗೆದ್ದಿರಿ ಎನ್ನಲಾರೆ. ಆದರೂ ಒಂದು ಕ್ಷಮೆ ತಿರಸ್ಕೃತವಾಗಿ ಅದನ್ನು ಆಡಿಸಿದವರ ಬಾಗಿಲಿಗೇ ವಾಪಸು ಹೋಯಿತು.

ಹುಡುಗರ ತಂಡಗಳ ಅಭಿಮಾನಿಗಳಾದ ಹೆಂಗಸರಿಗೂ ಇಂಥ ಆಡಿಸಿದ ಕ್ಷಮೆ ಗೊತ್ತು. 2016ರ ಜನವರಿ 18ರ ರಾತ್ರಿ ಸ್ಮಾಪ್ ತಂಡದ ಐವರು ಕಪ್ಪು ಸೂಟು ತೊಟ್ಟು ತಮ್ಮದೇ ಟೀವಿ ಕಾರ್ಯಕ್ರಮದಲ್ಲಿ ಸಾಲಾಗಿ ನಿಂತು ಕ್ಷಮೆ ಕೇಳಿದರು. ತಮ್ಮನ್ನು ನಿರ್ವಹಿಸುತ್ತಿದ್ದ ಜಾನಿಸ್ ಸಂಸ್ಥೆಯಿಂದ ಹೊರಹೋಗುವ ಮಾತು ಎದ್ದದ್ದೇ ಅವರ ಅಪರಾಧ. ಆ ದೃಶ್ಯವನ್ನು ‘ಬಹಿರಂಗ ಗಲ್ಲು’ ಎಂದು ಕರೆದವರು ನೀವೇ. ವರ್ಷದ ಕೊನೆಗೆ ತಂಡ ಒಡೆಯಿತು. ಉಳಿಸಿ ಎಂದು 3 ಲಕ್ಷ 70 ಸಾವಿರಕ್ಕೂ ಹೆಚ್ಚು ಸಹಿ ಕೂಡಿಸಿದಿರಿ. ಅದು ಫಲಿಸದಿದ್ದಾಗ 13 ಸಾವಿರಕ್ಕೂ ಹೆಚ್ಚು ಜನ ಚಂದಾ ಹಾಕಿ ‘ಅಸಾಹಿ ಶಿಂಬುನ್’ ಪತ್ರಿಕೆಯ ಎಂಟು ಪೂರ್ತಿ ಪುಟಗಳನ್ನು ಕೊಂಡು ಕೃತಜ್ಞತೆ ಅಚ್ಚು ಹಾಕಿಸಿದಿರಿ. ಕೈಕುಲುಕು ಇಲ್ಲ, ಓಟಿಲ್ಲ, ಬದಲಿಗೆ ಏನೂ ಸಿಗದು. ನಾನು ಓದಿದ ಅಭಿಮಾನದ ಕತೆಗಳಲ್ಲೆಲ್ಲ ಇದಕ್ಕೆ ಸಮನಾದದ್ದು ಕಡಿಮೆ.

ಅದೇ ಸಂಸ್ಥೆಯ ಸ್ಥಾಪಕ ಜಾನಿ ಕಿತಾಗಾವಾ ದಶಕಗಳ ಕಾಲ ಹುಡುಗರ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ್ದ. ‘ಶುಕಾನ್ ಬುನ್‌ಶುನ್’ ಇದನ್ನು 1999ರಲ್ಲೇ ಬರೆದಿತ್ತು. ಆ ಬರಹದ ಮುಖ್ಯಭಾಗ ಸತ್ಯವೆಂದು 2003ರಲ್ಲಿ ಟೋಕಿಯೋ ಹೈಕೋರ್ಟೂ ಹೇಳಿತ್ತು. ಟೀವಿಯವರು ಬಾಯಿ ಮುಚ್ಚಿಕೊಂಡಿದ್ದರು, ನೀವೂ. 2023ರ ಮಾರ್ಚಿನಲ್ಲಿ ಬಿಬಿಸಿ ಸಾಕ್ಷ್ಯಚಿತ್ರ ಬಂದ ಮೇಲೆ ದೂರು ಹೇಳಿದ ಗಂಡಸರ ಮೇಲೆ ಹರಿಹಾಯ್ದವರಲ್ಲಿ, ನಮ್ಮ ಹುಡುಗರ ಹೆಸರು ಕೆಡಿಸುತ್ತೀರಿ ಎಂದವರಲ್ಲಿ, ನಿಮ್ಮವರೂ ಇದ್ದರು. ಅಭಿಮಾನದ ಅತಿ ಹೇಯ ಮುಖ ನನಗೆ ಕಂಡದ್ದು ಇಲ್ಲಿ, ಗುಡ್ಡದಲ್ಲಿ ಬಿದ್ದ ಸಿ.ಡಿ.ಗಳಲ್ಲಿ ಅಲ್ಲ. ಅದೇ ಹೊತ್ತಿಗೆ ನಿಮ್ಮೊಳಗಿನ ಕೆಲವರು ‘ಪೆನ್‌ಲೈಟ್’ ಎಂಬ ಗುಂಪು ಕಟ್ಟಿದರು. ಸಭಾಂಗಣದಲ್ಲಿ ಬೀಸುವ ದೀಪದ ಕೋಲಿನ ಹೆಸರೇ. ತನಿಖೆ ನಡೆಸಿ, ಸತ್ಯ ಹೇಳಿ ಎಂದು 16 ಸಾವಿರಕ್ಕೂ ಹೆಚ್ಚು ಸಹಿ ಸಂಸ್ಥೆಗೆ ಒಪ್ಪಿಸಿದರು. ಆ ಸೆಪ್ಟೆಂಬರಿನಲ್ಲಿ ಸಂಸ್ಥೆ ತಪ್ಪೊಪ್ಪಿಕೊಂಡಿತು, ಅಕ್ಟೋಬರಿನಲ್ಲಿ ಹೆಸರನ್ನೇ ಕಳೆದುಕೊಂಡಿತು. ಬಿಬಿಸಿ, ಜಾಹೀರಾತುದಾರರು, ನೊಂದವರ ಧೈರ್ಯ ಎಲ್ಲ ಸೇರಿ ಆದದ್ದು ಅದು. ಆದರೂ ಆ 16 ಸಾವಿರ ಜನ ನನಗೆ ಮುಖ್ಯ, ಏಕೆಂದರೆ ಅವರು ತಮ್ಮ ಹುಡುಗರನ್ನು ಪ್ರೀತಿಸುವುದನ್ನು ಬಿಡದೆಯೇ ಸಂಸ್ಥೆಯನ್ನು ಪ್ರಶ್ನಿಸಿದರು.

ಮೆಚ್ಚಿದವರನ್ನು ಬಿಟ್ಟುಬಿಡಿ ಎಂದು ನಾನು ಹೇಳುವುದಿಲ್ಲ. 2021ರಲ್ಲಿ, 21ರ ಹರೆಯದ ಉಸಾಮಿ ರಿನ್ ಅಂಥದೇ ಅಭಿಮಾನಿ ಹುಡುಗಿಯ ಕತೆ ಬರೆದು ಅಕುತಾಗಾವಾ ಪ್ರಶಸ್ತಿ ಪಡೆದರು. ಶಾಲೆ, ಮನೆ, ಕೆಲಸ ಯಾವುದೂ ನೆಟ್ಟಗಾಗದ ಆ ಹುಡುಗಿಯನ್ನು ನೆಟ್ಟಗೆ ನಿಲ್ಲಿಸಿದ್ದು ಅವಳ ‘ಓಶಿ’, ಅವಳು ಮೆಚ್ಚಿದ ಆ ಗಾಯಕ. ಆ ಕಾದಂಬರಿ ಅವಳನ್ನು ನಗೆಪಾಟಲು ಮಾಡುವುದಿಲ್ಲ, ವಾಸಿ ಮಾಡಲೂ ಹೋಗುವುದಿಲ್ಲ. ನಾನೂ ಹೋಗುವುದಿಲ್ಲ. ಕೆಲಸ ಮುಗಿಸಿ ಬಂದು, ಕೋಲಿಗೆ ಬ್ಯಾಟರಿ ಹಾಕಿ, ಸಣ್ಣದೊಂದು ಕತ್ತಲೆ ಮಂದಿರದಲ್ಲಿ ಎರಡು ಗಂಟೆ ಗಂಟಲು ಹರಿಯುವಂತೆ ಕೂಗುವ ನಿಮ್ಮ ಸುಖ ನಿಮ್ಮದು.

ನಾನು ಕೇಳುವುದು ಇಷ್ಟೇ. ಇನ್ನೊಂದು ವಾರಪತ್ರಿಕೆ, ಇನ್ನೊಂದು ಫೋಟೊ, ಇನ್ನೊಬ್ಬ ಹುಡುಗಿ ಖಂಡಿತ ಬರುತ್ತಾಳೆ. ಅಭಿಮಾನಿಗಳಿಗೆ ನೋವಾಗಿದೆ, ವಿಷಾದಿಸುತ್ತೇವೆ, ಸದ್ಯಕ್ಕೆ ಅವಳ ಚಟುವಟಿಕೆ ನಿಲ್ಲಿಸಲಾಗಿದೆ ಎಂದು ಕಂಪನಿ ನಾಲ್ಕು ಸಾಲಿನ ಹೇಳಿಕೆ ಹೊರಡಿಸುತ್ತದೆ. ಅಂದು ನಿಮ್ಮಲ್ಲಿ ಒಳ್ಳೆಯವರು ಮಾಡುವ ತಪ್ಪು ಒಂದಿದೆ: ನಾವು ಕ್ಷಮಿಸಿದ್ದೇವೆ, ಮರಳಿ ಬಾ, ಎಂದು ಅವಳಿಗೆ ಬರೆಯುತ್ತೀರಿ. ದಯವಿಟ್ಟು ಕ್ಷಮಿಸಬೇಡಿ. ಕ್ಷಮಿಸಿದರೆ ಅವಳು ತಪ್ಪು ಮಾಡಿದಳೆಂದು ಒಪ್ಪಿದ ಹಾಗಾಯಿತು. ಅವಳಿಗೆ ಏನನ್ನೂ ಬರೆಯದೆ ಒಂದಷ್ಟು ದಿನ ಅವಳ ಪಾಡಿಗೆ ಬಿಡಿ, ಕಾಗದವನ್ನು ಕಂಪನಿಗೆ ಬರೆಯಿರಿ. ಹುಟ್ಟುಹಬ್ಬಕ್ಕೆ ಸಮಿತಿ ಕಟ್ಟಬಲ್ಲ ನಿಮಗೆ ಇದು ದೊಡ್ಡ ಕೆಲಸವಲ್ಲ. ನಮಗೆ ನೋವಾಗಿಲ್ಲ, ನಮ್ಮ ಹೆಸರಿನಲ್ಲಿ ಅವಳನ್ನು ನಿಲ್ಲಿಸಬೇಡಿ ಎಂದು ಎರಡು ಸಾಲು ಸಾಕು. ಸದಸ್ಯತ್ವದ ಸಂಖ್ಯೆ ನಮೂದಿಸಿ, ಇವರು ದುಡ್ಡು ಕೊಡುವವರು ಎಂದು ಅವರಿಗೆ ಗೊತ್ತಾಗಲಿ. ಹೇಳಿಕೆ ಬಂದ ವಾರದಲ್ಲೇ ಕಳಿಸಿ, ಮುಂದಿನ ಸಿ.ಡಿ.ಗೆ ಮುಂಗಡ ಬುಕಿಂಗ್ ಶುರುವಾಗುವ ಮೊದಲು.

ಇಂತಿ,
ಬೆಂಗಳೂರಿನ ಒಬ್ಬ ಅಭಿಮಾನಿ